ಚಿಕ್ಕಲಕ್ಷ್ಮಮ್ಮನೂ ಊರ ನಡುವಿನ ಕಲ್ಲೂ

ಪುರವರದ ಕಡೆಗೆ ಹೋಗುವ ಬಸ್ಸು ಹತ್ತಿ ಕಂಬದಪಾಳ್ಯಕ್ಕೆ ಒಂದು ಟಿಕೆಟ್ ಎಂದರೆ, ಕಂಡಕ್ಟರು ಹಳೇ ಊರಾ, ಸೈಟಾ ಎಂದು ಕೇಳುತ್ತಾನೆ. ಒಂದೇ ಊರಿಗೆ ಎರಡು ಸ್ಟಾಪು. ಇದ್ಯಾವ ಸೀಮೆ ನ್ಯಾಯ ಎಂದು ಹಳೇ ಊರಿನವರು ಗೊಣಗಿದರೆ, ನಾಲ್ಕು ಹೆಜ್ಜೆ ನಡೆದರೆ ನಿಮ್ಮ ಕಾಲೇನು ಸವೆದುಹೋಗುತ್ತಾ ಎಂದು ಸೈಟಿನವರು ಮೂತಿ ತಿರುವುತ್ತಾರೆ. ಈ ಎರಡು ಸ್ಟಾಪುಗಳ ನಡುವಿನ ಮಣ್ಣು ದಾರಿಯಲ್ಲಿ ದಿನಾ ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿರಬಿರನೆ ನಡೆದುಹೋಗುವ ಹೆಂಗಸೊಬ್ಬಳಿದ್ದಾಳೆ. ಅವಳೇ ಚಿಕ್ಕಲಕ್ಷ್ಮಮ್ಮ. ಮನೆ ಹಳೇ ಊರಿನಲ್ಲಿ, ಕೆಲಸ ಸೈಟಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ.

ಅವಳ ಬಾಯಿ ಸ್ವಲ್ಪ ಜೋರು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದ ಹೆಡ್‌ಮಾಸ್ತರರಿಗೆ ಎಲ್ಲಿ ನಾಲಿಗೆ ತೋರಿಸಿ ಎಂದವಳು ಅವಳು. ಆದರೆ ಇನ್ನೊಂದು ಸಲ ತಟ್ಟೆ ಹಿಡಿದು ಬಂದ ಮಗುವನ್ನು ಬರಿಗೈಯಲ್ಲಿ ಕಳಿಸಿದ್ದನ್ನು ಯಾರೂ ಕಂಡಿಲ್ಲ. ಬಾಯಿ ಜೋರು, ಕರುಳು ಮೆತ್ತಗೆ. ಇಂಥವರಿಗೆ ಜಗಳ ಬೇಗ ಹತ್ತಿಕೊಳ್ಳುತ್ತದೆ, ಆಮೇಲೆ ಸಂಕಟವೂ ಅವರಿಗೇ ಹೆಚ್ಚು.

ಹಳೇ ಊರಿನಲ್ಲಿ ಅವಳ ಮನೆಯ ಮುಂದೆಯೇ ಕರುಗಲ್ಲು ಇದೆ. ಊರು ಕಟ್ಟಿದ ಹಿರಿಯರು ಮೊದಲು ಈ ಕಲ್ಲು ನೆಟ್ಟು, ಇದೇ ಊರ ನಡು ಎಂದು ಹೇಳಿ, ಆಮೇಲೆ ಸುತ್ತ ಮನೆ ಕಟ್ಟಿಕೊಂಡರಂತೆ. ಮೊಣಕಾಲೆತ್ತರದ ಕಲ್ಲು. ಅದನ್ನು ದೇವರು ಅನ್ನುವವರು ಕಡಿಮೆ, ದೇವರಲ್ಲ ಅನ್ನುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಹಸು ಕರು ಹಾಕಿದರೆ ಮೊದಲ ಹಾಲು ಅದಕ್ಕೆ. ಊರಿಗೆ ಬಂದ ಹೊಸ ಸೊಸೆ ಗಂಡನ ಮನೆ ಹೊಸ್ತಿಲು ತುಳಿಯುವ ಮೊದಲು ಅದಕ್ಕೊಂದು ಬಿಂದಿಗೆ ನೀರು ಹುಯ್ಯಬೇಕು, ಆ ಬಿಂದಿಗೆಯನ್ನು ಮನೆತನದ ಹಿರಿಸೊಸೆಯೇ ಅವಳ ಕೈಗೆ ಕೊಡಬೇಕು. ಇದು ಕಂಬದಪಾಳ್ಯದ ಕಟ್ಟಳೆ.

ಐ.ಡಿ.ಹಳ್ಳಿಯ ಕಡೆಯಿಂದ ಮದುವೆಯಾಗಿ ಬಂದ ದಿನ ಚಿಕ್ಕಲಕ್ಷ್ಮಮ್ಮನಿಗೆ ಬಿಂದಿಗೆ ಕೊಟ್ಟವಳು ಅವಳ ಅತ್ತೆ. ಕೊಡುವಾಗ ಒಂದು ಮಾತು ಹೇಳಿದ್ದಳು. "ಇನ್ಮ್ಯಾಕೆ ಏನ್ ದೂರ ಅಳುದ್ರೂ ಈ ಕಲ್ಲಿಂದ್ಲೇ ಅಳೀಬೇಕು ಕಣಮ್ಮ. ನಿಮ್ಮೂರಿಂದ ಅಳಿಯೋದು ಇವತ್ತಿಗೆ ಮುಗೀತು." ಅವಳ ಕಣ್ಣೀರೂ ಬಿಂದಿಗೆಯ ನೀರೂ ಒಟ್ಟಿಗೆ ಕಲ್ಲಿನ ಮೇಲೆ ಬಿದ್ದವು. ಅಂದಿನಿಂದ ಐ.ಡಿ.ಹಳ್ಳಿ ದೂರದ ಊರಾಯಿತು. ಗಂಡ ದೊಡ್ಡರಂಗಪ್ಪನೂ ಒಳ್ಳೆಯವನೇ, ಆದರೆ ತವರಿಗೆ ಹೊರಟಳೆಂದರೆ ಅಷ್ಟು ದೂರ ಯಾಕೆ ಅನ್ನುತ್ತಿದ್ದ. ಕೇಳಿ ಕೇಳಿ ಅವಳಿಗೂ ಅದು ದೂರ ಎಂದೇ ಅನಿಸತೊಡಗಿತು.

ಕೆಲವು ವರ್ಷದ ಮೇಲೆ ಮೈದುನನ ಮದುವೆಯಾಗಿ ಲಕ್ಷ್ಮೀದೇವಿ ಬಂದಳು. ಅವಳ ಕೈಗೆ ಬಿಂದಿಗೆ ಕೊಟ್ಟವಳು ಚಿಕ್ಕಲಕ್ಷ್ಮಮ್ಮ. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎಂದುಕೊಂಡಿದ್ದ ಊರಿಗೆ ಇವರಿಬ್ಬರನ್ನು ಕಂಡು ನಿರಾಸೆಯಾಯಿತು. ಒಬ್ಬಳು ರಾಗಿ ಬೀಸಲು ಕೂತರೆ ಇನ್ನೊಬ್ಬಳು ತಾನೇ ಎದುರಿಗೆ ಬಂದು ಗೂಟ ಹಿಡಿಯುತ್ತಿದ್ದಳು. ಚಿಕ್ಕಲಕ್ಷ್ಮಮ್ಮನಿಗೆ ಒಬ್ಬಳೇ ಮಗಳು, ಶಿರಾಗೆ ಕೊಟ್ಟಿದ್ದಾರೆ. ಲಕ್ಷ್ಮೀದೇವಿಯ ಮಗ ರಂಗೇಶ ಬೆಳೆದದ್ದು ದೊಡ್ಡಮ್ಮನ ಸೊಂಟದ ಮೇಲೆಯೇ.

ಆಮೇಲೆ ರಸ್ತೆ ಬದಿಯಲ್ಲಿ ಸರ್ಕಾರದ ಸೈಟುಗಳಾದವು. ಮೈದುನನಿಗೂ ಒಂದು ಸಿಕ್ಕಿ ಲಕ್ಷ್ಮೀದೇವಿಯ ಸಂಸಾರ ಅಲ್ಲಿಗೆ ಹೋಯಿತು. ಮೊದಲು ನಾಲ್ಕೈದು ಮನೆ ಇದ್ದದ್ದು, ಡೈರಿ ಬಂತು, ಶಾಲೆ ಬಂತು, ಪ್ರಸನ್ನಕುಮಾರನ ಸಿಮೆಂಟ್ ಅಂಗಡಿ ಬಂತು. ನೋಡನೋಡುತ್ತಾ ಸೈಟು ಹಳೇ ಊರಿಗಿಂತ ದೊಡ್ಡದಾಯಿತು, ವರ್ಷ ವರ್ಷವೂ ರಸ್ತೆಯುದ್ದಕ್ಕೆ ಆಚೆಆಚೆಗೆ ಸರಿಯಿತು. ಆಗ ಸೈಟಿನವರು ಒಂದು ಮಾತೆತ್ತಿದರು. ಕರುಗಲ್ಲು ಊರ ನಡುವೆ ಇರಬೇಕಾದದ್ದು, ಈಗ ಅದು ಊರ ಮೂಲೆಯಲ್ಲಿದೆ, ಕಿತ್ತು ತಂದು ನಡುವೆ ನೆಡೋಣ ಎಂದು. ಮಳೆಗಾಲದಲ್ಲಿ ಹೊಸ ಹೆಣ್ಣನ್ನು ಆ ಕೆಸರಿನಲ್ಲಿ ನಡೆಸಿಕೊಂಡು ಹೋಗುವ ಪಾಡು ನೋಡಿ ಎಂಬ ಅವರ ಮಾತಿನಲ್ಲಿ ನ್ಯಾಯವೂ ಇತ್ತು.

ಹಳೇ ಊರಿನ ಚಾವಡಿಯಲ್ಲಿ ಪಂಚಾಯ್ತಿ ಕೂಡಿತು. ಅಲ್ಲಿಯೇ ಆಗಬಾರದ್ದು ಆದದ್ದು. "ಹಾಳೂರಲ್ಲಿ ಕಲ್ಲಿಟ್ಕಂಡು ಯಾರಿಗೆ ಪೂಜೆ ಮಾಡ್ತೀರ" ಎಂದುಬಿಟ್ಟಳು ಲಕ್ಷ್ಮೀದೇವಿ. ಅವಳು ಹೇಳಿದ್ದು ಊರಿಗೆ, ತಾಗಿದ್ದು ಚಿಕ್ಕಲಕ್ಷ್ಮಮ್ಮನಿಗೆ. ಅವಳು ಎದ್ದು ನಿಂತು ತಿರುಗಿಸಿ ಕೊಟ್ಟಳು.

"ಊರು ಬುಟ್ಟು ಓದೋರ್ಗೆ ಊರ ಕಲ್ಲ್ಯಾಕೆ ದೇವಿ?"

ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಡೈರಿಯ ಹತ್ತಿರ ಎದುರುಬದುರಾದರೆ ಒಬ್ಬಳು ಹಾಲಿನ ಕ್ಯಾನು ನೋಡುತ್ತಿದ್ದಳು, ಇನ್ನೊಬ್ಬಳು ಆಕಾಶ ನೋಡುತ್ತಿದ್ದಳು. ಇಂಥ ಹೊತ್ತಿಗೇ ರಂಗೇಶನ ಮದುವೆ ಗೊತ್ತಾಯಿತು, ಹೆಣ್ಣು ಪಾವಗಡದ ಕಡೆಯ ತೇಜಸ್ವಿನಿ. ಚಿಕ್ಕಲಕ್ಷ್ಮಮ್ಮನಿಗೆ ಸಂಕಟ ಶುರುವಾದದ್ದೇ ಆಗ. ಸೊಂಟದ ಮೇಲೆ ಬೆಳೆದ ಹುಡುಗನ ಹೆಂಡತಿ ನೀರು ಹುಯ್ಯುವುದು ಯಾವ ಕಲ್ಲಿಗೆ? ಅವಳ ಕೈಗೆ ಬಿಂದಿಗೆ ಕೊಡುವವರು ಯಾರು? ಕಲ್ಲು ಆ ಕಡೆಗೆ ಹೋದರೆ ತನ್ನ ಪಾಲಿನ ಹಿರಿತನವೂ ಹೋಯಿತು, ರಂಗೇಶನೂ ಹೋದ, ದೇವಿಯಂತೂ ಹೋಗಿಯೇ ಹೋದಳು ಎಂದು ಅವಳು ಒಳಗೊಳಗೇ ಕುದ್ದಳು.

ಊರ ನಡು ಯಾವುದು ಎಂದು ಅಳೆದೇ ನೋಡೋಣ ಎಂದು ಹೊರಟವನು ಬೈಲಪ್ಪ. ಊರಿನ ಯಾವ ಕೆಲಸಕ್ಕೂ ಮುಂದೆ ಬೀಳುವ, ಯಾವ ಕೆಲಸವನ್ನೂ ನೆಟ್ಟಗೆ ಮುಗಿಸದ ಮನುಷ್ಯ. ನೈಲಾನ್ ಹಗ್ಗ ತಂದು ರಸ್ತೆ ತುದಿಯ ಮನೆಯಿಂದ ಚಾವಡಿಯವರೆಗೆ ಅಳೆದ. ನಡು ಬಂದು ಬಿದ್ದದ್ದು ಪ್ರಸನ್ನಕುಮಾರನ ಅಂಗಡಿಯ ಮುಂದೆ. ಅವನು ಖುಷಿಯಾಗಿ ಎಲ್ಲರಿಗೂ ಟೀ ಕುಡಿಸಿದ. ಚಾವಡಿಯಾಚೆ ಕೆರೆ ಏರಿ ಕೆಳಗಿನ ನಮ್ಮ ಮನೆಗಳು ಊರಲ್ಲವೇ ಎಂದು ಹಳೇ ಊರಿನವರು ಕೂಗಾಡಿದರು. ಮತ್ತೆ ಅಳೆದರು. ಈ ಸಲ ನಡು ಹಿಂದಕ್ಕೆ ಬಂದು, ಸೈಟಿಗೂ ಹಳೇ ಊರಿಗೂ ಮಧ್ಯೆ ಬೈಲಪ್ಪನದೇ ತಿಪ್ಪೆಯ ಮೇಲೆ ಬಿತ್ತು. ಗುರುತಿಗೆ ಅಲ್ಲೊಂದು ಗೂಟ ಹೊಡೆದರು. ಅಷ್ಟರಲ್ಲಿ ರಸ್ತೆ ಕಡೆ ಯಾರೋ ಹೊಸ ಮನೆಗೆ ಪಾಯ ತೆಗೆದರು, ನಡು ತಿಪ್ಪೆಯ ಈ ಅಂಚಿನಿಂದ ಆ ಅಂಚಿಗೆ ಸರಿಯಿತು. ಇದರ ಮೇಲೆ ಹಗ್ಗ ಬೇರೆ ಎಳೆದಷ್ಟೂ ಹಿಗ್ಗುತ್ತಿತ್ತು. ಸೈಟಿನವರು ಎಳೆದರೆ ಒಂದು ಲೆಕ್ಕ, ಹಳಬರು ಎಳೆದರೆ ಇನ್ನೊಂದು. ಕಲ್ಲನ್ನು ತಿಪ್ಪೆಯಲ್ಲಿ ನೆಡಲು ಯಾರಿಗೂ ಮನಸ್ಸಿಲ್ಲ, ಇದ್ದಲ್ಲೇ ಇರಲಿ ಅನ್ನಲು ಸೈಟಿನವರಿಗೆ ಬಾಯಿಲ್ಲ. ಇತ್ತ ಮದುವೆ ಹತ್ತಿರ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಶಾಲೆಯ ಅಡುಗೆಮನೆಗೆ ಮಂಜುಶ್ರೀ ಮಿಸ್ಸು ಬಂದರು. ಮಧುಗಿರಿಯಿಂದ ಬಸ್ಸಿನಲ್ಲಿ ಬಂದು ವಿಜ್ಞಾನ ಹೇಳಿಕೊಡುವ ಹುಡುಗಿ. ಎಳೆದರೆ ಹಿಗ್ಗುವಂಥದ್ದು ಏನಾದರೂ ಇದೆಯಾ ಎಂದು ಕೇಳಿದರು. ಅಕ್ಕಿ ಮೂಟೆಗಳನ್ನು ಸೇರಿಸಿ ಬಿಗಿದಿದ್ದ ಸೈಕಲ್ ಟ್ಯೂಬಿನ ಉದ್ದನೆ ಪಟ್ಟಿಯನ್ನು ಚಿಕ್ಕಲಕ್ಷ್ಮಮ್ಮ ಬಿಚ್ಚಿ ಕೊಟ್ಟಳು. ಹಿಗ್ಗದೇ ಇರುವಂಥದ್ದೂ ಬೇಕು ಎಂದರು. ಸಾರಿಗೆ ಕಿವುಚಿದ ಹುಣಸೆಹಣ್ಣಿನ ಬೀಜಗಳನ್ನು ತೊಳೆದು ಕೊಟ್ಟಳು. ಕೊಟ್ಟದ್ದನ್ನು ಏನು ಮಾಡುತ್ತಾರೋ ನೋಡೋಣ ಎಂದು ಕೈ ಒರೆಸಿಕೊಳ್ಳುತ್ತಾ ಕ್ಲಾಸಿನ ಬಾಗಿಲಲ್ಲಿ ನಿಂತಳು. ಅನ್ನ ಇನ್ನೂ ಬೇಯುತ್ತಿತ್ತು.

ಮಿಸ್ಸು ಬೀಜಗಳನ್ನು ಟ್ಯೂಬಿನ ಮೇಲೆ ಅಷ್ಟಷ್ಟು ದೂರಕ್ಕೆ ಗೋಂದು ಹಚ್ಚಿ ಅಂಟಿಸಿದ್ದರು. ಒಂದೊಂದು ಬೀಜವೂ ನಕ್ಷತ್ರಗಳ ಒಂದೊಂದು ದೊಡ್ಡ ಗುಂಪು, ಟ್ಯೂಬು ಅಂದರೆ ಅವುಗಳ ನಡುವಿನ ಖಾಲಿ ಜಾಗ. ಮಕ್ಕಳು ಎಳೆದರು. ಬೀಜ ಬೆಳೆಯಲಿಲ್ಲ, ನಡುವಿನ ಜಾಗ ಬೆಳೆಯಿತು. ಇಡೀ ಬ್ರಹ್ಮಾಂಡ ಹೀಗೇ ಹಿಗ್ಗುತ್ತಿದೆ ಎಂದರು ಮಿಸ್ಸು. ಯಾವ ಬೀಜದ ಮೇಲೆ ಕೂತು ನೋಡಿದರೂ ತಾನು ನಿಂತಲ್ಲೇ ನಿಂತಿದ್ದೇನೆ, ಮಿಕ್ಕವರೆಲ್ಲ ನನ್ನನ್ನು ಬಿಟ್ಟು ದೂರ ಹೋಗುತ್ತಿದ್ದಾರೆ ಎಂದೇ ಕಾಣುತ್ತದೆ, ಬೇಕಾದರೆ ಒಂದೊಂದಾಗಿ ನೋಡಿ ಎಂದರು. ಮಕ್ಕಳು ನೋಡಿದರು. ಚಿಕ್ಕಲಕ್ಷ್ಮಮ್ಮನೂ ನೋಡಿದಳು.

ಸುಮ್ಮನಿರುವ ಬಾಯಿಯಲ್ಲವಲ್ಲ ಅದು. ಹಾಗಾದರೆ ಇದರ ನಡು ಯಾವುದು ಮಿಸ್ಸೆ, ಟ್ಯೂಬಿನ ಮಧ್ಯದ ಬೀಜ ತಾನೇ ಎಂದು ಬಾಗಿಲಿಂದಲೇ ಕೇಳಿದಳು. ಮಿಸ್ಸು ನಕ್ಕು ಪಟ್ಟಿಯ ಎರಡು ತುದಿಯನ್ನೂ ಸೇರಿಸಿ ಗಂಟು ಹಾಕಿದರು. ಮಕ್ಕಳು ಒಳಗೆ ನಿಂತು ಸುತ್ತಲಿಂದಲೂ ಎಳೆದರು. "ಈಗ ಯಾವ ಬೀಜ ನಡು ಅಂತ ನೀವೇ ತೋರ್ಸಿ ಅಮ್ಮ" ಎಂದರು ಮಿಸ್ಸು. ಅವಳು ಸುತ್ತ ಒಂದು ಸಲ ಕಣ್ಣಾಡಿಸಿದಳು. ಯಾವುದೂ ಅಲ್ಲ. ಇಲ್ಲವೆಂದರೆ ಎಲ್ಲವೂ.

ಅವಳಿಗೆ ಒಳಗೆಲ್ಲೋ ಚುರುಕ್ ಎಂದಿತು. ಊರು ಬಿಟ್ಟು ಹೋದವಳು ಎಂದು ತಾನು ದೇವಿಯನ್ನು ಅಂದದ್ದು ಹಳೇ ಊರಿನ ಬೀಜದ ಮೇಲೆ ಕೂತು. ದೇವಿಯ ಬೀಜದ ಮೇಲಿಂದ ನೋಡಿದರೆ ಬಿಟ್ಟು ಹೋದವಳು ತಾನೇ.

ಊಟ ಬಡಿಸಿಯಾದ ಮೇಲೆ ಅವಳು ಮಿಸ್ಸನ್ನು ಬಿಡಲಿಲ್ಲ. ಇಷ್ಟೆಲ್ಲ ಹಿಗ್ಗುತ್ತಿದ್ದರೆ ಕೊನೆಗೆ ಯಾರಿಗೆ ಯಾರೂ ಇಲ್ಲದಂತಾಗುತ್ತದಲ್ಲ, ನಮ್ಮ ಮನೆ ಗೋಡೆಯೂ ಒಂದಿನ ಬಿರಿಯುತ್ತದಾ ಎಂದು ಕೇಳಿದಳು. ಹೆದರಿಕೆಯಾಗಿದ್ದದ್ದು ನಿಜ. ಮಿಸ್ಸು ಸಮಾಧಾನವಾಗಿ ಹೇಳಿದರು. ಪದಾರ್ಥಕ್ಕೆ ಸೆಳೆತ ಇದೆ. ಒಂದನ್ನೊಂದು ಹಿಡಿದುಕೊಂಡದ್ದನ್ನು ಈ ಹಿಗ್ಗುವಿಕೆ ಬಿಡಿಸಲಾರದು. ಭೂಮಿ ಸೂರ್ಯನನ್ನು ಬಿಟ್ಟು ಹೋಗುವುದಿಲ್ಲ, ಗೋಡೆ ಬಿರಿಯುವುದಿಲ್ಲ, ಹಿಡಿತವಿಲ್ಲದ ದೂರದವು ಮಾತ್ರ ದೂರವಾಗುತ್ತವೆ. ಅವಳು ಹೂ ಕಟ್ಟುವ ಬಾಳೆನಾರು ತಂದು ಪಕ್ಕಪಕ್ಕದ ಎರಡು ಬೀಜಗಳನ್ನು ಬಿಗಿದು ಕಟ್ಟಿ ಟ್ಯೂಬು ಎಳೆದಳು. ಮಿಕ್ಕವು ಸರಿದವು, ಆ ಎರಡು ಅಂಟಿಕೊಂಡೇ ಇದ್ದವು. ಮತ್ತೆ ಮತ್ತೆ ಎಳೆದು ನೋಡಿದಳು.

ಕಾಲದಲ್ಲಿ ಹಿಂದಕ್ಕೆ ಹೋದರೋ ಎಂದಳು. ಹಿಂದಕ್ಕೆ ಹೋದಷ್ಟೂ ಎಲ್ಲ ಹತ್ತಿರ ಹತ್ತಿರ ಬರುತ್ತದೆ, ಶುರುವಿನಲ್ಲಿ ಎಲ್ಲವೂ ಒಂದರೊಳಗೊಂದು ಒತ್ತಿಕೊಂಡಿದ್ದವು, ಆದ್ದರಿಂದ ಇಲ್ಲಿಂದ ಶುರುವಾಯಿತು ಎಂದು ಒಂದೇ ಜಾಗ ತೋರಿಸಲು ಆಗುವುದಿಲ್ಲ, ಎಲ್ಲ ಜಾಗವೂ ಶುರುವಾದ ಜಾಗವೇ ಎಂದರು ಮಿಸ್ಸು. ಇನ್ನೂ ಒಂದು ಹೇಳಿದರು. ದೂರದ ನಕ್ಷತ್ರದ ಬೆಳಕು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಎಷ್ಟೋ ಕಳೆದಿರುತ್ತದೆ, ನಾವು ನೋಡುತ್ತಿರುವುದು ಅದರ ಹಳೇ ಸುದ್ದಿ ಎಂದು. ಇದೊಂದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳಪ್ಪ ಐ.ಡಿ.ಹಳ್ಳಿಯಲ್ಲಿ ತೀರಿಕೊಂಡ ಸುದ್ದಿ ಮಾರನೆಯ ದಿನ ಬಸ್ಸಿನವನ ಬಾಯಲ್ಲಿ ಬಂದಿತ್ತು. ಅದು ಬರುವವರೆಗೂ ಅವಳು ಕಡಲೆಕಾಯಿ ಬಿಡಿಸುತ್ತಾ ದೇವಿಯ ಜೊತೆ ನಗುತ್ತಿದ್ದಳು. ಅವಳ ಪಾಲಿಗೆ ಅಪ್ಪ ಒಂದು ದಿನ ಹೆಚ್ಚಿಗೆ ಬದುಕಿದ್ದ. ಸುದ್ದಿ ಬಂದಾಗ ಕೈಯಲ್ಲಿದ್ದ ಮೊರ ಬಿಸಾಕಿ ಅವಳನ್ನು ತಬ್ಬಿ ಹಿಡಿದವಳು ಅದೇ ದೇವಿ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಭಾರದ ವಸ್ತುವಿನ ಹತ್ತಿರ ಕಾಲವೂ ಒಂದು ಚೂರು ನಿಧಾನವಂತೆ, ಮಿಸ್ಸು ಹೇಳಿದರು ಎಂಬುದನ್ನೂ ಸೇರಿಸಿದಳು. ದೊಡ್ಡರಂಗಪ್ಪ ಎಲೆಅಡಿಕೆ ಜಗಿಯುತ್ತಾ ಗಂಭೀರವಾಗಿ ತಲೆದೂಗಿದ. ಅದಕ್ಕೇ ಮಧುಗಿರಿಯಲ್ಲಿ ಅಷ್ಟು ದೊಡ್ಡ ಬೆಟ್ಟದ ಕೆಳಗೆ ಬಸ್ಸಿಗೆ ಕಾಯುತ್ತಾ ಕೂತರೆ ಹೊತ್ತೇ ಹೋಗುವುದಿಲ್ಲ ಎಂದ. ಅವಳು ಸೌಟು ಎತ್ತಿದಳು, ಅವನು ಎದ್ದು ಆಚೆ ಹೋದ.

ಮದುವೆ ಮಧುಗಿರಿಯ ಛತ್ರದಲ್ಲಿ ನಡೆಯಿತು. ಕರೆಯಲು ಬಂದವನು ರಂಗೇಶ, ಲಕ್ಷ್ಮೀದೇವಿಯಲ್ಲ. ಚಿಕ್ಕಲಕ್ಷ್ಮಮ್ಮ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿ, ಊಟಕ್ಕೂ ಕೂರದೆ ಬಸ್ಸು ಹತ್ತಿದಳು. ಎಲೆಯ ಮುಂದೆ ಕೂತರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದು. ಚಿಕ್ಕಲಕ್ಷ್ಮಮ್ಮ ಕರುಗಲ್ಲು ತೊಳೆದು ಅರಿಶಿನ ಕುಂಕುಮ ಇಟ್ಟು, ಅತ್ತೆಯ ಕಾಲದ ಹಿತ್ತಾಳೆ ಬಿಂದಿಗೆಗೆ ನೀರು ತುಂಬಿದಳು. ಜಗುಲಿಯ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು. ಅವರು ಬರುವುದಿಲ್ಲ ಎಂದು ಒಂದು ಮನಸ್ಸು, ಬರಲಿ ನೋಡೋಣ ಎಂದು ಇನ್ನೊಂದು. ಕೊನೆಗೆ ಸೆರಗು ಸುತ್ತಿ ಸಿಂಬೆ ಮಾಡಿ ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ಕಲ್ಲು ಇಲ್ಲಿ ಬಿಟ್ಟು ನೀರು ಎಲ್ಲಿಗೆ ಹೊತ್ತುಕೊಂಡು ಹೊರಟೆ ಎಂದು ಗಂಡ ಕೇಳಿದ. ಕಲ್ಲೇನೂ ಓಡಿಹೋಗುವುದಿಲ್ಲ ಎಂದಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ಬಾಗಿಲಿಗೆ ಹೋದವಳನ್ನು ದೇವಿ ಒಳಗೆ ಕರೆಯದಿದ್ದರೆ? ಊರೆಲ್ಲ ನೋಡುತ್ತದೆ. ನೋಡಿದರೆ ನೋಡಲಿ ಎಂದುಕೊಂಡು ತಿಪ್ಪೆಯ ತಿರುವಿಗೆ ಬಂದಳು. ಎದುರಿಗೆ ಲಕ್ಷ್ಮೀದೇವಿ. ಅವಳ ಹಿಂದೆ ಬಾಸಿಂಗದ ಗುರುತು ಇನ್ನೂ ಹಣೆಯಲ್ಲಿದ್ದ ರಂಗೇಶ, ಅವನ ಪಕ್ಕದಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದ ಹೊಸ ಹೆಣ್ಣು. ಸೈಟಿನ ಸ್ಟಾಪಿನಲ್ಲಿ ಕಾರಿಂದ ಇಳಿದವರು ಮನೆಯೊಳಕ್ಕೆ ಹೋಗದೆ ಹಳೇ ಊರಿನ ಕಡೆಗೆ ನಡೆದು ಬರುತ್ತಿದ್ದರು. ಬೈಲಪ್ಪ ಬುಟ್ಟಿಯ ಸಗಣಿ ತಿಪ್ಪೆಗೆ ಹಾಕುವುದನ್ನು ಮರೆತು ನಿಂತುಬಿಟ್ಟ.

ಬಿಂದಿಗೆಯಿಂದ ನೀರು ತುಳುಕಿ ಚಿಕ್ಕಲಕ್ಷ್ಮಮ್ಮನ ಕೆನ್ನೆಯ ಮೇಲೆ ಇಳಿಯಿತು. ಎಲ್ಲವೂ ಬಿಂದಿಗೆಯದ್ದೇ ಅಂತ ಹೇಳಲಾಗದು.

"ನಿನ್ ತಾವ್ಕೇ ಬತ್ತಿದ್ದೊ ಅಕ್ಕ," ಎಂದಳು ಲಕ್ಷ್ಮೀದೇವಿ. "ನೀನ್ ಕೊಡ್ದೇ ಇರೋ ಬಿಂದಿಗೆ ಹಿಡ್ಕಂಡು ನನ್ ಸೊಸೆ ಹೆಂಗೆ ಒಳೀಕ್ ಬತ್ತಾಳೆ?"

"ಊರು ಬುಟ್ಟು ಓದೋಳು ನೀನಲ್ಲ ಕಣೆ ದೇವಿ. ನಾನೂ ಅಷ್ಟೇ ದೂರ ಓಗಿದ್ದೆ."

ಲಕ್ಷ್ಮೀದೇವಿ ಮುಂದೆ ಬಂದು ಬಿಂದಿಗೆಗೆ ಕೈ ಹಚ್ಚಿದಳು. ಇಬ್ಬರೂ ಸೇರಿ ಇಳಿಸಿದರು. ಹಿಂದೆ ರಾಗಿ ಕಲ್ಲಿನ ಗೂಟ ಹಿಡಿಯುತ್ತಿದ್ದ ಹಾಗೆಯೇ ನಾಲ್ಕು ಕೈಯೂ ಅದರ ಮೇಲೆ ಉಳಿದವು. ಹೊಸ ಹುಡುಗಿ ತೇಜಸ್ವಿನಿ ಇದು ಯಾವುದೂ ಅರ್ಥವಾಗದೆ ಸುತ್ತಮುತ್ತ ನೋಡಿದಳು. ನೀರು ಹುಯ್ಯಬೇಕು ಎಂದು ಅವಳಿಗೆ ಹೇಳಿದ್ದರು, ಇಲ್ಲಿ ನೋಡಿದರೆ ಒಂದು ತಿಪ್ಪೆ, ಒಂದು ಗೂಟ.

"ನೀಳ್ಳು ಎಲ್ಲಿ ಹುಯ್ಬೇಕು ದೊಡ್ಡತ್ತಾ? ಕಲ್ಲೇ ಕಾಣಲ್ವಲ್ಲ," ಎಂದಳು ಅಂಜುತ್ತಾ, ತೆಲುಗು ಬೆರೆತ ಪಾವಗಡದ ರಾಗದಲ್ಲಿ.

ಚಿಕ್ಕಲಕ್ಷ್ಮಮ್ಮ ಬಿಂದಿಗೆಯನ್ನು ಅವಳ ಕೈಗೆ ಕೊಟ್ಟಳು. ಕೊಡುವಾಗ ಅತ್ತೆಯ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿಕೊಂಡಳು.

"ಇಲ್ಲೇ ಅರ್ಧ ಹುಯ್ಯಮ್ಮ, ಮಿಕ್ಕಿದ್ದು ಕಲ್ಲಿಗೆ ಹುಯ್ದ್ರಾಯ್ತು. ಇನ್ಮ್ಯಾಕೆ ದೂರ ಅಳಿಯೋವಾಗ ಇಲ್ಲಿಂದಾನಾ ಅಳಿ, ನಿಮ್ಮಪ್ಪನ ಮನೆಯಿಂದಾನಾ ಅಳಿ. ಎಲ್ಲಿಂದ ಅಳುದ್ರೂ ತಪ್ಪಿಲ್ಲ ಕಣಮ್ಮ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಪಾವಗಡ ಬಿಟ್ಟಾಗಿನಿಂದ ತಡೆದು ಹಿಡಿದಿದ್ದ ಅಳು ಆಗ ಬಂತು, ಅದರ ಹಿಂದೆಯೇ ಒಂದು ನಗುವೂ ಬಂತು. ಒಣ ಮಣ್ಣಿನ ಮೇಲೆ ನೀರು ಹುಯ್ದಳು. ಆಮೇಲೆ ಎಲ್ಲರೂ ಹಳೇ ಊರಿನ ಕಡೆಗೆ ನಡೆದರು, ವಾರಗಿತ್ತಿಯರಿಬ್ಬರೂ ಮುಂದೆ, ಒಬ್ಬರ ಮಾತನ್ನು ಒಬ್ಬರು ಮುಗಿಸಲು ಬಿಡದೆ. ಬೈಲಪ್ಪ ಗೂಟ ಕಿತ್ತು ತಿಪ್ಪೆಗೆ ಎಸೆದ. ಅವನು ನೆಟ್ಟಗೆ ಮುಗಿಸಿದ ಕೆಲಸ ಅದೊಂದೇ ಇರಬೇಕು. ಕಲ್ಲನ್ನು ಕೀಳುವ ಮಾತು ಮತ್ತೆ ಬರಲಿಲ್ಲ, ಮಳೆಗಾಲಕ್ಕೆ ಮುಂಚೆ ಆ ದಾರಿಗೆ ಜಲ್ಲಿ ಹಾಕಿಸುವ ಮಾತು ಬಂತು.

ಮುಂದಿನ ಭಾನುವಾರ ಚಿಕ್ಕಲಕ್ಷ್ಮಮ್ಮ ಯಾರನ್ನೂ ಕೇಳದೆ ಲಕ್ಷ್ಮೀದೇವಿಯನ್ನು ಜೊತೆಗೆ ಕರೆದುಕೊಂಡು ಐ.ಡಿ.ಹಳ್ಳಿಗೆ ಹೋದಳು. ಅಣ್ಣನ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆಗೆ ಹೂವಿಟ್ಟು ಬಂದಳು. ಸಂಜೆ ಮನೆಗೆ ಬಂದಾಗ ದೊಡ್ಡರಂಗಪ್ಪ ಜಗುಲಿಯ ಮೇಲೆ ಕೂತಿದ್ದ.

"ಬಲು ದೂರ ಆಯ್ತೇನೋ," ಎಂದ.

"ಎಲ್ಲಿಂದ?" ಎಂದು ಕೇಳಿ ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.